ಇಕ್ಕಳ ಮುರಿದ ಕ್ರೇಫಿಶ್‌ಗೆ ಮೀನಿನ ಔಷಧಿ ಹಾಕಬೇಡಿ

ತೊಟ್ಟಿಯಲ್ಲಿ ಸಾಕಿದ ಕ್ರೇಫಿಶ್‌ನ (ಸಿಗಡಿ, ಏಡಿಗಳ ಸಂಬಂಧಿಯಾದ ಸಿಹಿನೀರಿನ ಪ್ರಾಣಿ) ಇಕ್ಕಳ ಮುರಿದರೆ ಮೀನಿನ ಔಷಧಿ ಹಾಕಿ ಎಂದು ಒಂದು ಲೇಖನದಲ್ಲಿ ಓದಿದೆ. ದಯವಿಟ್ಟು ಹಾಗೆ ಮಾಡಬೇಡಿ. ಮೀನಿನ ಎಷ್ಟೋ ಔಷಧಿಗಳಲ್ಲಿ ತಾಮ್ರ ಇರುತ್ತದೆ, ಕ್ರೇಫಿಶ್‌ಗೆ ಅದು ವಿಷ. ಬಾಟಲಿ ಮೇಲೆ ಕಾಪರ್ ಸಲ್ಫೇಟ್ ಅಂತಿದ್ದರೆ ಮುಟ್ಟಲೇಬೇಡಿ.

ಉದುರಿದ ಇಕ್ಕಳಕ್ಕೆ ಚಿಕಿತ್ಸೆಯೇ ಬೇಕಿಲ್ಲ. ಅಪಾಯ ಬಂದಾಗ ಕ್ರೇಫಿಶ್ ತಾನೇ ಬುಡದ ಗೆಣ್ಣಿನಲ್ಲಿ ಇಕ್ಕಳದ ಕಾಲು ಕಳಚಿಕೊಳ್ಳುತ್ತದೆ, ಗಾಯ ಅಲ್ಲೇ ಮುಚ್ಚಿಕೊಳ್ಳುತ್ತದೆ. ಮುಂದೆ ಆ ಜಾಗದಲ್ಲಿ ಸಣ್ಣ ಮೊಗ್ಗು ಕಾಣುತ್ತದೆ. ಒಂದೊಂದು ಸಲ ಚಿಪ್ಪು ಕಳಚಿದಾಗಲೂ ಅದು ದೊಡ್ಡದಾಗುತ್ತ ಹೋಗುತ್ತದೆ.

ಮಾಡಬೇಕಾದ್ದು ಇಷ್ಟೇ: ಬೇರೆ ತೊಟ್ಟಿಗೆ ಹಳೇ ತೊಟ್ಟಿಯ ನೀರನ್ನೇ ತುಂಬಿ, ಓಡುತ್ತಿರುವ ಸ್ಪಾಂಜ್ ಫಿಲ್ಟರ್ ಮತ್ತು ಅಡಗಲು ಒಂದು ಪೈಪ್ ತುಂಡು ಇಡಿ, ಕ್ರೇಫಿಶ್ ಅನ್ನು ಅದರಲ್ಲಿ ಬಿಟ್ಟು ಮೇಲೆ ಮುಚ್ಚಳ ಹಾಕಿ. ಹೊಲಸಿನಿಂದ ನೀರಿನಲ್ಲಿ ಸೇರುವ ವಿಷಗಳಾದ ಅಮೋನಿಯ, ನೈಟ್ರೈಟ್ ಎರಡೂ 0 ಇರಲಿ. ನೀರು ಬದಲಿಸುವಾಗ ಶೇ. 20ರಿಂದ 25 ಸಾಕು, ಕ್ಲೋರಿನ್ ತೆಗೆದ ನೀರೇ ಆಗಬೇಕು.

ಇನ್ನೊಂದು ಮಾತು. ಕ್ರೇಫಿಶ್ ಮಗ್ಗುಲಾಗಿ ಬಿದ್ದದ್ದೆಲ್ಲ ಕಾಯಿಲೆಯಲ್ಲ. ಬೆನ್ನಿನ ಚಿಪ್ಪಿಗೂ ಬಾಲಕ್ಕೂ ನಡುವೆ ಸೀಳು ಕಂಡರೆ ಅದು ಚಿಪ್ಪು ಕಳಚುತ್ತಿದೆ. ಎಳೆದು ಸಹಾಯ ಮಾಡಲು ಹೋದರೆ ಮೆತ್ತನೆಯ ಕಿವಿರು, ಕಾಲು ಹರಿದುಹೋಗುತ್ತವೆ. ಕಳಚಿದ ಚಿಪ್ಪನ್ನು ತೆಗೆಯಬೇಡಿ, ಸುಣ್ಣದ ಅಂಶಕ್ಕಾಗಿ ಅದನ್ನೇ ತಿನ್ನುತ್ತದೆ. ಹೊಸ ಚಿಪ್ಪು ಗಟ್ಟಿಯಾಗುವ ತನಕ ಕೆಲವು ದಿನ ಜೊತೆಗೆ ಯಾವ ಮೀನನ್ನೂ ಬಿಡಬೇಡಿ, ಮೆತ್ತಗಿರುವಾಗ ಅದಕ್ಕೆ ತನ್ನನ್ನು ಕಾಪಾಡಿಕೊಳ್ಳಲು ಆಗುವುದಿಲ್ಲ.