ಈರನಗೆರೆಯದೋ ಸೀಮೆಯದೋ

ಮೈಸೂರಿನ ದೇವರಾಜ ಮಾರ್ಕೆಟ್ಟಿನಿಂದ ಬಂದು ಚೀಲ ಸುರಿದೆ. ಅರ್ಧ ಕೇಜಿ ಈರನಗೆರೆ ಬದನೆ, ನಾಲ್ಕು ಸೀಮೆಬದನೆ. ಮೊದಲನೆಯದು ವಾಂಗೀಬಾತಿಗೆ, ಎರಡನೆಯದು ತರಕಾರಿಯವಳ ದಾಕ್ಷಿಣ್ಯಕ್ಕೆ. ಸೀಮೆಬದನೆಯನ್ನು ನಾನಾಗಿ ಬೇಕೆಂದು ತಂದದ್ದು ಕಡಮೆ. ಸಿಪ್ಪೆ ಹೆರೆಯುವಾಗ ಅದರ ಅಂಟು ಕೈಗೆ ಹತ್ತಿ ಒಣಗಿ, ಬೆರಳಿನ ಚರ್ಮವೇ ಸುಲಿದ ಹಾಗಾಗುತ್ತದೆ. ಅಷ್ಟು ಕಷ್ಟಪಟ್ಟು ಬೇಯಿಸಿದರೂ ತನ್ನದೆಂಬ ರುಚಿಯಿಲ್ಲ. ಹಾಕಿದ ಪುಡಿಯ ರುಚಿಯೇ ಅದರ ರುಚಿ.

ಹೆಸರಲ್ಲಿ ಎರಡೂ ಬದನೆಯೇ. ನಂಟು ಮಾತ್ರ ಸೀಮೆಎಣ್ಣೆಗೂ ಕಡಲೆಕಾಯಿ ಎಣ್ಣೆಗೂ ಇರುವಷ್ಟು. ಬದನೆ ಟೊಮೆಟೊ, ಆಲೂಗೆಡ್ಡೆಗಳ ಕುಲ. ಮೆಕ್ಸಿಕೊ ಕಡೆಯಿಂದ ಬಂದ ಸೀಮೆಯದು ಸೌತೆ, ಕುಂಬಳಗಳ ಬಳಗ.

ಸೊಸೆಗೆ ಈಗ ಮೂರು ತಿಂಗಳು. ಯಾವ ತರಕಾರಿ ಕಂಡರೂ ಫೋನಿನಲ್ಲಿ ಅದರ ಜಾತಕ ತೆಗೆಯುತ್ತಾಳೆ.

"ಅತ್ತೆ, ನೂರು ಗ್ರಾಂ ಬದನೆಕಾಯಲ್ಲಿ ಫೋಲೇಟ್ ಬರೀ 22 ಮೈಕ್ರೋಗ್ರಾಂ. ಸೀಮೆಬದನೇಲಿ 93 ಇದೆ ನೋಡಿ!"

ಫೋಲೇಟ್ ಅಂದರೆ ಬಸುರಿಯರಿಗೆ ಬೇಕಾದ ಒಂದು ಬಿ ವಿಟಮಿನ್ನು. ಸಿ ವಿಟಮಿನ್ನಿನಲ್ಲೂ ನಮ್ಮ ಬದನೆಯದು ಎರಡು ಮಿಲಿಗ್ರಾಂ ಚಿಲ್ಲರೆ, ಅದರದು ಏಳರ ಮೇಲೆ.

ಬದನೆಯ ಪರ ವಕಾಲತ್ತು ವಹಿಸದೆ ಇರಲಾಗಲಿಲ್ಲ. ಫೋನು ಇಸಕೊಂಡು ನಾನೂ ಹುಡುಕಿದೆ. ನಾರಿನಂಶ ನಮ್ಮದರಲ್ಲಿ 3 ಗ್ರಾಂ, ಅದರಲ್ಲಿ 1.7. ಪೊಟ್ಯಾಸಿಯಂ ನಮ್ಮದು 229 ಮಿಲಿಗ್ರಾಂ, ಅದರದು 125. ಇನ್ನೇನು ಗೆದ್ದೆ ಅನ್ನುವಾಗ ಅವಳೇ ಇನ್ನೊಂದು ಓದಿದಳು: ಬದನೆ ಸಿಪ್ಪೆಯ ನೇರಳೆ ಬಣ್ಣದಲ್ಲಿ ನಾಸುನಿನ್ ಎಂಬ ಆಂಟಿಆಕ್ಸಿಡೆಂಟ್ ಇದೆಯಂತೆ. ಇಬ್ಬರೂ ಬುಟ್ಟಿಯ ಕಡೆ ನೋಡಿದೆವು. ಈರನಗೆರೆಯದು ಹಸಿರು ಬದನೆ.

ಅವಳು ಬಾಯಿ ಬಿಡದ ಲೆಕ್ಕ ಒಂದಿತ್ತು. ಬದನೆ ಸ್ಪಂಜಿನ ಜಾತಿ, ಬಾಣಲೆಗೆ ಬಿದ್ದೊಡನೆ ಎಣ್ಣೆ ಕುಡಿಯುತ್ತದೆ. ನೂರು ಗ್ರಾಂ ಕಾಯಿಯದು 25 ಕ್ಯಾಲೊರಿ. ಒಂದು ದೊಡ್ಡ ಚಮಚ ಎಣ್ಣೆಯದೇ 120. ನನ್ನ ವಾಂಗೀಬಾತಿಗೆ ಎಷ್ಟು ಚಮಚ ಎಂದು ಅವಳು ಕೇಳಲಿಲ್ಲ, ನಾನು ಹೇಳಲಿಲ್ಲ. ಹಾಗೆ ನೋಡಿದರೆ ಸೀಮೆಬದನೆಯ ಗೆಲುವೂ ಹಸಿ ಕಾಯಿಯದು. ಫೋಲೇಟ್ ನೀರಲ್ಲಿ ಕರಗುವಂಥದ್ದು. ಬೇಯಿಸಿ ಬಸಿದರೆ ಬಚ್ಚಲಿನ ಪಾಲು. ಪುಣ್ಯಕ್ಕೆ ಕೂಟಿಗೆ ನಾವು ನೀರು ಬಸಿಯುವುದಿಲ್ಲ.

"ಫೋಲೇಟೇ ಬೇಕಾದರೆ ಪಾಲಕ್ ತರ್ತೀನಿ ಬಿಡು, ಅದರಲ್ಲಿ 194 ಇದೆ" ಎಂದೆ.

"ಡಾಕ್ಟರು ಮಾತ್ರೆ ಕೊಟ್ಟಿದಾರಲ್ಲ ಅತ್ತೆ."

ಮತ್ತೆ ಈ ಜಗಳ ಯಾತಕ್ಕೋ! ನಮ್ಮತ್ತೆಯ ಕಾಲಕ್ಕೆ ಇಷ್ಟು ಅಂಕಿ ಬೇಕಿರಲಿಲ್ಲ. ಬದನೆ ನಂಜು, ಬಾಣಂತಿಗೆ ಕೂಡದು. ಸೀಮೆಯದು ತಿಥಿಗೆ ಕೂಡದು. ಮಿಕ್ಕ ದಿನ ಎರಡೂ ಬೇಯುತ್ತಿದ್ದವು.

ಆವತ್ತು ವಾಂಗೀಬಾತೇ ಆಯಿತು. ಅವಳು ಎರಡು ಸಲ ಹಾಕಿಸಿಕೊಂಡಳು. ಮಾರನೆಯ ದಿನ ಮೂರು ಸೀಮೆಬದನೆ ಕೂಟಿಗೆ ಹೋಯಿತು. ನಾಲ್ಕನೆಯದು ಅಕ್ಕಿ ಡಬ್ಬದ ಹಿಂದೆ ಉರುಳಿ ಮರೆತೇಹೋಗಿತ್ತು. ನಿನ್ನೆ ಗುಡಿಸುವಾಗ ಸಿಕ್ಕಿತು. ಅದಕ್ಕಿರುವುದು ಒಂದೇ ಬೀಜ, ಕಾಯಿಯ ಒಳಗಿದ್ದೇ ಮೊಳೆಯುತ್ತದೆ. ತುದಿ ಸೀಳಿಕೊಂಡು ಎಳೆ ಕುಡಿ ಹೊರಗೆ ಇಣುಕುತ್ತಿತ್ತು. ಮೊಳಕೆ ಮುರಿದು ಹೆಚ್ಚೋಣವೆಂದು ಈಳಿಗೆಮಣೆ ಎಳೆದುಕೊಂಡೆ. ಸೊಸೆ ಬಂದು ಕೈ ಹಿಡಿದಳು.

"ಇದನ್ನ ಹೆಚ್ಚಬೇಡಿ ಅತ್ತೆ."

ನಮ್ಮ ಯಜಮಾನರು ಬೆಳಗ್ಗೆಯಿಂದ ಹಿತ್ತಲಲ್ಲಿ ಚಪ್ಪರಕ್ಕೆ ಗಳ ಹುಡುಕುತ್ತಿದ್ದಾರೆ.