ಕೊನೆಕೊಯ್ಲಿನ ಗಡಿಬಿಡಿಯಲ್ಲಿ ಮನೆಯವರು ಸಿಗುವ ಹೊತ್ತು

ಡಿಸೆಂಬರ್ ಬಂತೆಂದರೆ ಸಾಕು, ಫೇಸ್‌ಬುಕ್ ತೆರೆದಲ್ಲೆಲ್ಲ ಅಡಿಕೆ ಸುಲಿಯುವ ರಾತ್ರಿಗಳ ನೆನಪು. ಬೆಂಗಳೂರು ಸೇರಿದ ನಮ್ಮ ಕಡೆಯವರೇ ಹೆಚ್ಚಾಗಿ ಬರೆಯುವುದು. ಜಗಲಿ ತುಂಬ ಅಡಿಕೆ ಸುಲಿಯುವ ಮೆಟ್ಟುಗತ್ತಿ, ನಡುವೆ ಹಸಿ ಅಡಿಕೆ ರಾಶಿ, ಅಜ್ಜನ ಕಥೆ, ಯಾರೋ ಎತ್ತುವ ಯಕ್ಷಗಾನದ ಪದ, ರಾತ್ರಿ ಹನ್ನೊಂದರ ಬಿಸಿ ಕಷಾಯ. ಎಲ್ಲ ಬರಹದ ಬಾಲದಲ್ಲೂ ಒಂದೇ ಮಾತು: ಮನೆಮಂದಿ ಒಟ್ಟಿಗೆ ಕೂರುವ ಆ ಕಾಲ ಹೋಯಿತು.

ಓದಲು ಚಂದವೇ. ನಾನೂ ಲೈಕ್ ಒತ್ತುತ್ತೇನೆ. ಆದರೆ ಆ ಹನ್ನೊಂದರ ಕಷಾಯ ಮಾಡಿ ತಂದವರು ಯಾರು ಎಂದು ಒಬ್ಬರೂ ಬರೆದದ್ದನ್ನು ನಾನು ಕಂಡಿಲ್ಲ.

ನನ್ನ ತವರಲ್ಲಿ ತರುತ್ತಿದ್ದವಳು ಆಯಿ, ನನ್ನ ಅಮ್ಮ. ಸುಲಿಯಲು ಬಂದವರಿಗೂ ಮನೆಯವರಿಗೂ ಬಡಿಸಿ, ಊಟದ ಜಾಗಕ್ಕೆ ಗೋಮಯ ಹಚ್ಚಿ, ಪಾತ್ರೆ ತೊಳೆದು, ಮತ್ತೆ ಒಲೆಯ ಮೇಲೆ ನೀರಿಟ್ಟು, ಕಷಾಯ ತಂದು ಎಲ್ಲರ ಮುಂದಿಟ್ಟು, ಖಾಲಿ ಲೋಟ ಎತ್ತಿಕೊಂಡು ಒಳಗೆ ಹೋಗುತ್ತಿದ್ದಳು. ಅಜ್ಜನ ಕಥೆಯಲ್ಲಿ ಅವಳಿಗೆ ಸಿಗುತ್ತಿದ್ದದ್ದು ಬಾಗಿಲು ದಾಟುವಾಗಿನ ಒಂದೆರಡು ಸಾಲು. ಭೀಮ ಗದೆ ಎತ್ತಿದ್ದನ್ನು ಕೇಳಿರುತ್ತಿದ್ದಳು, ಯಾರ ಮೇಲೆ ಎತ್ತಿದ ಎಂದು ಗೊತ್ತಿರುತ್ತಿರಲಿಲ್ಲ. ಜಗಲಿಯ ಗಮ್ಮತ್ತು ಸುಳ್ಳಲ್ಲ. ಅದರಲ್ಲಿ ಆಯಿ ಇರಲಿಲ್ಲ, ಅಷ್ಟೇ.

ಹಾಗಾಗಿ ಸುಲಿಯುವ ಯಂತ್ರ ಮನೆಮನೆಗೆ ಬರತೊಡಗಿದಾಗ ನನಗೆ ಬೇಜಾರೇನೂ ಆಗಲಿಲ್ಲ.

ನಮ್ಮ ಮನೆ ಶಿರಸಿಯಿಂದ ಸ್ವಲ್ಪ ಒಳಗೆ. ನಾನು ಹೈಸ್ಕೂಲಿನಲ್ಲಿ ಗಣಿತ ಕಲಿಸುವವಳು, ಇವರು ತೋಟ ನೋಡಿಕೊಳ್ಳುತ್ತಾರೆ, ಮಗಳಿಗೆ ಈ ವರ್ಷ ಎಸ್ಸೆಸ್ಸೆಲ್ಸಿ. ಅತ್ತೆ, ಮಾವ ಜೊತೆಗಿದ್ದಾರೆ. ಮಾರ್ಚಿನಲ್ಲಿ ಪರೀಕ್ಷೆ ಎಂದರೆ ಡಿಸೆಂಬರಿನಿಂದಲೇ ವಿಶೇಷ ತರಗತಿ, ಪೂರ್ವಸಿದ್ಧತಾ ಪರೀಕ್ಷೆ, ಮನೆಗೆ ಹೊತ್ತು ತರುವ ಉತ್ತರಪತ್ರಿಕೆಯ ಕಟ್ಟು. ಕೊನೆಕೊಯ್ಲೂ, ಅಂದರೆ ಅಡಿಕೆ ಗೊನೆ ಕೊಯ್ಯುವುದೂ, ಸರಿಯಾಗಿ ಅದೇ ತಿಂಗಳುಗಳಲ್ಲಿ. ಯಾವ ಪುಣ್ಯಾತ್ಮ ಇವೆರಡನ್ನೂ ಒಟ್ಟಿಗೆ ಇಟ್ಟನೋ! ಕೊನೆ ಕೊಯ್ಯುವ ಕೊನೆಗೌಡ ನಾಳೆ ಬರುತ್ತೇನೆಂದರೆ ನಾಳೆಯೇ ಕೊಯ್ಲು. ಮನೆಯಲ್ಲಿ ಶ್ರಾದ್ಧವಿರಲಿ, ಮಗಳ ಶಾಲೆಯಲ್ಲಿ ಪಾಲಕರ ಸಭೆಯಿರಲಿ, ಅವರ ಪಾಳಿ ತಪ್ಪಿದರೆ ಮುಂದಿನದು ಯಾವಾಗಲೋ. ಈಗ ಫೈಬರ್ ದೋಟಿ ಬಂದಿದೆ, ನೆಲದ ಮೇಲೆ ನಿಂತೇ ಕೊಯ್ಯಬಹುದು ಎನ್ನುತ್ತಾರೆ. ನಿಜ. ಆದರೆ ಅಷ್ಟುದ್ದದ ದೋಟಿಯನ್ನು ಸಂಜೆಯವರೆಗೆ ಕತ್ತೆತ್ತಿ ಹಿಡಿಯುವ ಜನ ಬೇಕಲ್ಲ.

ಕೊಯ್ದ ಮೇಲಾದರೂ ಬಿಡುವುಂಟೇ? ಕೆಂಪಡಿಕೆ ಮಾಡುವುದಾದರೆ ಹಸಿ ಕಾಯನ್ನು ಇಡುವಂತಿಲ್ಲ, ಬೇಗ ಸುಲಿದು, ಚೊಗರಿನಲ್ಲಿ (ಹಿಂದೆ ಅಡಿಕೆ ಬೇಯಿಸಿ ಉಳಿದ ಒಗರು ನೀರಿನಲ್ಲಿ) ಬೇಯಿಸಿ, ಒಣಗಿಸಬೇಕು. ರಾತ್ರಿ ಕೂತು ಸುಲಿಯುವ ಪದ್ಧತಿ ಬಂದದ್ದೇ ಅದರಿಂದ. ಕಥೆ ಕೇಳುವ ಆಸೆಯಿಂದ ಯಾರೂ ಮೆಟ್ಟುಗತ್ತಿಯ ಮುಂದೆ ಕೂತವರಲ್ಲ. ಚಾಲಿಗಾದರೆ, ಅಂದರೆ ಬೇಯಿಸದೆ ಒಣಗಿಸುವ ಬಿಳಿ ಅಡಿಕೆಗಾದರೆ, ಹಣ್ಣಡಿಕೆಯನ್ನು ಸಿಪ್ಪೆ ಸಮೇತ 40-45 ದಿನ ಬಿಸಿಲಿಗೆ ಹಾಕಿ, ಆಮೇಲೆ ನಿಧಾನಕ್ಕೆ ಸುಲಿಸಬಹುದು. ಜನ ಸಿಗದೆ ನಮ್ಮ ಮನೆಯಲ್ಲಿ ಈಗ ಹೆಚ್ಚಿನದು ಚಾಲಿಯೇ. ಸುಲಿಯುವ ರಾತ್ರಿ ನಮ್ಮಲ್ಲಿ ನಿಂತದ್ದು ಹೀಗೆ. ಟಿವಿ, ಮೊಬೈಲ್ ಆಮೇಲೆ ಬಂದು ಖಾಲಿ ಜಾಗದಲ್ಲಿ ಕೂತವು.

"ಒಂದು ಭಾನುವಾರ ಎಲ್ಲ ಬಿಟ್ಟು ಹೊರಗೆ ಹೋಗಿ ಬನ್ನಿ, ಫ್ಯಾಮಿಲಿ ಟೈಮ್ ಬೇಕು" ಎಂದು ಸ್ಟಾಫ್ ರೂಮಿನಲ್ಲಿ ಹೇಳುವವರಿದ್ದಾರೆ. ಹೋಗಿದ್ದೆವು, ದೇವಿಮನೆ ಘಟ್ಟ ಇಳಿದು ಕುಮಟಾಕ್ಕೆ. ಘಟ್ಟದಲ್ಲಿ ಮಗಳಿಗೆ ವಾಂತಿ. ಸಮುದ್ರದ ಎದುರು ನಿಂತ ಇವರು ಅಲೆ ನೋಡಲಿಲ್ಲ, ಮೋಡ ನೋಡಿದರು. ಅಂಗಳ ತುಂಬ ಅಡಿಕೆ ಹರವಿ ಬಂದವರಿಗೆ ಮೋಡ ಬಿಟ್ಟು ಬೇರೆ ಕಾಣುವುದಿಲ್ಲ. ಚಾಲಿಗೆ ಮಳೆ ತಾಗಿ ಬೂಸು ಹಿಡಿದರೆ ವರ್ಷದ ದುಡಿಮೆಯ ದರ್ಜೆ ಇಳಿಯಿತು. ಪಕ್ಕದ ಮನೆಗೆ ಫೋನ್ ಮಾಡಿ ಮಾಡಿ, ತಾಡಪಾಲು ಎಳೆದಾಯಿತು ಎಂದು ಖಾತ್ರಿಯಾಗುವಷ್ಟರಲ್ಲಿ ನಾವು ವಾಪಸ್ ಹೊರಡುವ ಹೊತ್ತು. ಇನ್ನು ಮಾರಿಕಾಂಬಾ ಜಾತ್ರೆ. ಅದು ಎರಡು ವರ್ಷಕ್ಕೊಮ್ಮೆ, ಇದೇ ಹಂಗಾಮಿನ ಬಾಲದಲ್ಲಿ. ಜಾತ್ರೆ ನನಗೆ ಬಹಳ ಇಷ್ಟ. ಆದರೆ ಜಾತ್ರೆಯ ವಾರ ನಮಗೆ ಸಿಗುವವರು ನೆಂಟರು. ಬಿಡಕಿಬೈಲಿನ ಜನಸಾಗರದಲ್ಲಿ ಗಂಡ ಹೆಂಡತಿ ಕೈಬಿಟ್ಟರೆ ಮತ್ತೆ ಸೇರುವುದು ಮನೆಯಲ್ಲೇ, ಅಲ್ಲೂ ಅಷ್ಟೊತ್ತಿಗೆ ಹತ್ತು ಎಲೆ ಹಾಕಿರುತ್ತಾರೆ.

ಹೊರಗೆ ಹೋದದ್ದರಲ್ಲಿ ನೆಟ್ಟಗಾದದ್ದು ಊರಿನ ಆಲೆಮನೆ ಒಂದೇ. ರಾತ್ರಿ ಊಟ ಮುಗಿಸಿ ಟಾರ್ಚ್ ಹಿಡಿದು ಗದ್ದೆ ಬದುವಿನಲ್ಲಿ ನಡೆದು ಹೋಗಿ, ಕಬ್ಬಿನ ಹಾಲು ಕುಡಿದು, ಕೊಪ್ಪರಿಗೆಯ ಬುಡದಲ್ಲಿ ಚಳಿ ಕಾಯಿಸಿಕೊಂಡು, ನೊರೆಬೆಲ್ಲ ನೆಕ್ಕುತ್ತ ವಾಪಸ್. ಯಾರೂ ಹೆಚ್ಚು ಮಾತಾಡುವುದಿಲ್ಲ. ಬೇಕಾಗಿಯೂ ಇಲ್ಲ.

ನಮ್ಮ ಮನೆಯವರು ನಿಜಕ್ಕೂ ಒಬ್ಬರಿಗೊಬ್ಬರು ಸಿಗಲು ಶುರುವಾದದ್ದು ಅಡಿಕೆ ಆರಿಸುವ ಕೆಲಸದಲ್ಲಿ. ಮೊದಲ ಕೊಯ್ಲಿನದು ಒಣಗಿ, ಯಂತ್ರದಲ್ಲಿ ಸುಲಿದು ಮೂಟೆಯಾಗುವುದು ಫೆಬ್ರವರಿ ಹೊತ್ತಿಗೆ. ಅದನ್ನು ಹಾಗೇ ಮಂಡಿಗೆ ಒಯ್ದರೆ ದರ ಬೀಳುತ್ತದೆ. ಚಾಲಿ ಬೇರೆ, ಕೆಳದರ್ಜೆಯ ಬಿಳಿಗೋಟು ಬೇರೆ, ಕೋಕ ಬೇರೆ, ಯಂತ್ರದಲ್ಲಿ ಒಡೆದದ್ದು ಬೇರೆ ಆಗಬೇಕು. ಭಾನುವಾರ ಸಂಜೆ ಜಗಲಿಯಲ್ಲಿ ಹಳೆಯ ಜಮಖಾನ ಹಾಸಿ ಮೂಟೆ ಸುರಿದು ಸುತ್ತ ಕೂರುತ್ತೇವೆ. ಕೈಗೆ ಬಿಡುವಿಲ್ಲ, ಬಾಯಿಗೆ ಪೂರಾ ಬಿಡುವು. ಮಾವ ಕಣ್ಣಿನಿಂದ ಆರಿಸುವವರಲ್ಲ. ಎರಡು ಅಡಿಕೆಯನ್ನು ಒಂದಕ್ಕೊಂದು ತಾಗಿಸಿ ಸದ್ದು ಕೇಳುತ್ತಾರೆ, ಒಳಗೆ ಗಟ್ಟಿಯಿದ್ದರೆ ಟಣ್ ಎನ್ನುತ್ತದೆ, ಟೊಳ್ಳಾದರೆ ಟಪ್. ಮಗಳು ಅವರ ಎದುರು ಕೂತು ಅದೇ ಅಡಿಕೆಯನ್ನು ಮೊಬೈಲ್ ಟಾರ್ಚಿಗೆ ಹಿಡಿದು ಬಿರುಕು ಹುಡುಕುತ್ತಾಳೆ. ಇಬ್ಬರಿಗೂ ಪ್ರತಿ ಸಲ ಪಂದ್ಯ.

ಹಾಗೆ ಕೂತಿದ್ದಾಗಲೇ ಒಂದು ದಿನ ಅವಳು ತಲೆ ಎತ್ತದೆ ಅಂದಳು, "ಎಂಗೆ ಸೈನ್ಸ್ ಬ್ಯಾಡ."

ಊಟದ ಹೊತ್ತಿನಲ್ಲಿ ಹೇಳಿದ್ದರೆ ನಾನು ಮೇಡಂ ಆಗಿಬಿಡುತ್ತಿದ್ದೆ. ಕಾರಣ ಕೇಳಿ, ಅಂಕದ ಲೆಕ್ಕ ತೆಗೆದು, ಅರ್ಧ ಗಂಟೆ ಕೊರೆಯುತ್ತಿದ್ದೆ. ಇಲ್ಲಿ ಕೈಯಲ್ಲಿ ಅಡಿಕೆ ಇತ್ತು. ಇವರು ನಾಲ್ಕಾರು ಕೋಕ ಬುಟ್ಟಿಗೆ ಎಸೆದು, "ಬ್ಯಾಡದಿದ್ರೆ ಬ್ಯಾಡ. ಮತ್ತೆಂತ ಬೇಕು?" ಎಂದರು. ಮಾವ ಕವಳ ಮೆಲ್ಲುತ್ತ, "ಅಡ್ಡಿಲ್ಲೆ, ಕಾಮರ್ಸ್ ಮಾಡ್ಲಿ. ಸೊಸೈಟಿ ಲೆಕ್ಕ ನೋಡಲೆ ಒಂದು ಜನ ಆತು" ಎಂದರು. ನಮ್ಮಲ್ಲಿ ಸೊಸೈಟಿಯ ಲೆಕ್ಕವೆಂದರೆ ಸಣ್ಣ ಮಾತಲ್ಲ. ಅಡಿಕೆ ಬೆಳೆಗಾರರ ಸಹಕಾರಿ ಸಂಘವಾದ ತೋಟಗಾರ್ಸ್ ಸೇಲ್ ಸೊಸೈಟಿ 1923ರಲ್ಲಿ ಹುಟ್ಟಿದ್ದು, ಶಿರಸಿ ಸುಪಾರಿಗೆ ಭೌಗೋಳಿಕ ಸೂಚ್ಯಂಕ ಬಂದದ್ದು 2019ರಲ್ಲಿ. ಇವೆರಡನ್ನೂ ಮಾವ ಮನೆಯ ಮದುವೆ ಉಪನಯನದ ಇಸವಿಯ ಹಾಗೆ ಹೇಳುತ್ತಾರೆ.

ಆದರೆ ನಾನು ಹೇಳಹೊರಟದ್ದು ಮಗಳ ಮಾತಿಗಿಂತ ಅತ್ತೆಯ ಮಾತು.

ಮೊದಮೊದಲು ಈ ಕೂಟದಲ್ಲಿ ಅತ್ತೆ ಇರುತ್ತಿರಲಿಲ್ಲ. ನಾನೂ ಅರ್ಧ ಹೊತ್ತು ಇರುತ್ತಿರಲಿಲ್ಲ. ಅಡಿಕೆ ಆರಿಸುವವರಿಗೆ ಕುಡಿಯಲು ಆಸರಿಗೆ ಬೇಕಲ್ಲ, ರಾತ್ರಿಗೆ ಸಾರು ಪಲ್ಯ ಆಗಬೇಕಲ್ಲ. ತವರಿನ ಜಗಲಿಯೇ ಮತ್ತೆ ಇಲ್ಲಿ ಶುರುವಾಗುತ್ತಿದೆ ಅನ್ನಿಸಿದ್ದೇ, ಭಾನುವಾರ ಸಂಜೆ ಒಲೆ ಹಚ್ಚುವುದಿಲ್ಲ ಎಂದುಬಿಟ್ಟೆ. ಮಧ್ಯಾಹ್ನವೇ ಗಂಜಿ ಮಾಡಿಡುವುದು. ರಾತ್ರಿ ಅದಕ್ಕೆ ಅಪ್ಪೆಮಿಡಿ ಉಪ್ಪಿನಕಾಯಿ, ಮಜ್ಜಿಗೆ, ಹಲಸಿನ ಹಪ್ಪಳ. ಬೇಕಾದವರು ಬೇಕಾದಾಗ ಬಡಿಸಿಕೊಳ್ಳುವುದು, ತಮ್ಮ ಬಟ್ಟಲು ತಾವೇ ತೊಳೆಯುವುದು. ಗಂಡಸರು ತಕರಾರು ಮಾಡಲಿಲ್ಲ. ಮಾಡಿದವರು ಅತ್ತೆ. "ದುಡಿದು ಬಂದವ್ಕೆ ಬರೀ ಗಂಜಿಯ?" ಎಂದು ಮುಖ ಊದಿಸಿಕೊಂಡರು. ಅವರನ್ನು ಮಣೆ ಹಾಕಿ ಅಡಿಕೆ ರಾಶಿಯ ಮುಂದೆ ಕೂರಿಸಲು ಆ ಹಂಗಾಮು ಪೂರ್ತಿ ಬೇಕಾಯಿತು. ಕೂತ ಮೇಲೆ ಗೊತ್ತಾಯಿತು, ಮನೆಯಲ್ಲಿ ಎಲ್ಲರಿಗಿಂತ ಚೊಕ್ಕ ಕೈ ಅವರದೇ.

ಕಥೆಯೂ ಅವರದೇ. ಮಾವನ ಕಥೆಗಳು ನಮಗೆಲ್ಲ ಬಾಯಿಪಾಠ. ಅತ್ತೆಯದು ಯಾರೂ ಕೇಳಿದ್ದಲ್ಲ, ಕೇಳುವ ಜಾಗದಲ್ಲಿ ಅವರು ಕೂತದ್ದೇ ಇಲ್ಲವಲ್ಲ. ಯಲ್ಲಾಪುರ ಕಡೆಯ ಅವರ ತವರಿನಿಂದ ಶಾಲೆಗೆ ಕಾಡುದಾರಿ. ಏಳನೇ ಇಯತ್ತೆಗೆ ಇಡೀ ಶಾಲೆಗೆ ಮೊದಲು ಬಂದಿದ್ದರಂತೆ, ಗಣಿತದಲ್ಲಿ ನೂರಕ್ಕೆ ನೂರು. ಮಾಸ್ತರರು ಮನೆಗೇ ಬಂದು, "ಕೂಸಿನ್ನ ಓದ್ಸಿ" ಎಂದು ಅವರ ಅಪ್ಪಯ್ಯನ ಹತ್ತಿರ ಹೇಳಿ, ಕಷಾಯ ಕುಡಿದು ಹೋದರಂತೆ. "ಕಷಾಯ ಕೊಟ್ಟಿದ್ದೂ ಆನೇ (ನಾನೇ)" ಎಂದು ನಕ್ಕರು ಅತ್ತೆ. ಓದು ಅಲ್ಲಿಗೇ ನಿಂತಿತು. ಇಷ್ಟು ವರ್ಷ ಅವರ ಜೊತೆ ಒಂದೇ ಅಡುಗೆಮನೆಯಲ್ಲಿದ್ದ ನಾನು, ಗಣಿತದ ಮೇಡಂ, ಈ ಮಾತು ಕೇಳಿದ್ದು ಆಗಲೇ. ಮಾವನೂ ಆಗಲೇ ಕೇಳಿದ್ದು. ಅವರು ಅಡಿಕೆ ತಾಗಿಸುವುದನ್ನು ಬಿಟ್ಟು, "ಹೌದನೇ? ನೂರಕ್ಕೆ ನೂರಾ?" ಎಂದರು. ಮಗಳು ಮರುದಿನ ತನ್ನ ಬಡ್ಡಿ ಲೆಕ್ಕ ಹಿಡಿದು ಹೋದದ್ದು ನನ್ನ ಹತ್ತಿರವಲ್ಲ, ಅಜ್ಜಿಯ ಹತ್ತಿರ.

ನನ್ನ ಮಟ್ಟಿಗೆ ಹೇಳುವುದಾದರೆ, ಹಂಗಾಮಿನಲ್ಲಿ ಮನೆಯವರು ಸಿಗುತ್ತಿಲ್ಲ ಎಂದು ಗೋಳಾಡುವವರು ಮೊದಲು ಸಂಜೆ ಏಳಕ್ಕೆ ಅಡುಗೆಮನೆಯಲ್ಲಿ ಯಾರಿದ್ದಾರೆ ನೋಡಲಿ. ಪ್ರವಾಸ, ಹೋಟೆಲ್ ಊಟ, ರೆಸಾರ್ಟ್ ಎಲ್ಲ ಆಮೇಲಿನ ಮಾತು. ಒಂದು ಹೊತ್ತು ಒಲೆ ಆರಿಸಿದರೆ ಮನೆಗೆ ಒಂದಿಬ್ಬರು ಜಾಸ್ತಿ ಸಿಗುತ್ತಾರೆ.

ಹೀಗೆ ಬರೆಯುವಾಗ ಒಂದು ವಿಷಯ ಚುಚ್ಚುತ್ತದೆ. ನಾವು ಈಗಲೂ ಸ್ವಲ್ಪ ಕೆಂಪಡಿಕೆ ಮಾಡುತ್ತೇವೆ, ಅದನ್ನು ಸುಲಿಯಲು ಪಕ್ಕದ ಕೇರಿಯ ಹೆಂಗಸರು ಬರುತ್ತಾರೆ. ರಾತ್ರಿ ಬೇಡ, ಹಗಲೇ ಬನ್ನಿ, ಮನೆಯಲ್ಲಿ ಮಕ್ಕಳಿದ್ದಾರಲ್ಲ ಎಂದೆ, ದೊಡ್ಡ ಉಪಕಾರ ಮಾಡಿದವಳ ಹಾಗೆ. ಅವರಲ್ಲೊಬ್ಬರು, "ಹಗಲಿಗೆ ಬೇರೆ ಕೆಲ್ಸ ಇರ್ತದೆ ಅಮ್ಮ. ಇದು ತೂಕದ ಲೆಕ್ಕ, ರಾತ್ರೆ ಕೂತ್ರೆ ನಾಕು ಕಾಸು ಜಾಸ್ತಿ" ಎಂದರು. ಅವರ ಮಕ್ಕಳು ಉಂಡು ಮಲಗಿದ ಮೇಲೆ ಅವರು ಮನೆ ಸೇರುವುದು. ನನ್ನ ಗಂಜಿಯ ಉಪಾಯ ಅವರ ಮನೆಯವರೆಗೆ ಹೋಗುವುದಿಲ್ಲ. ಸುಲಿಯುವ ಕೂಲಿ ಏರಿಸಿದೆವು, ಹತ್ತು ಗಂಟೆಗೆ ಇವರೇ ಜೀಪಿನಲ್ಲಿ ಬಿಟ್ಟು ಬರುತ್ತಾರೆ. ಅದರಿಂದ ಎಷ್ಟಾಯಿತು, ಅಷ್ಟೇ.

ಈಗ ಅಡಿಕೆ ಒಂದು ಹಂತಕ್ಕೆ ಬಂತು, ಕಾಳುಮೆಣಸು ಶುರು. ಗೆರೆಯಿಂದ (ಗೊಂಚಲಿನಿಂದ) ಮೆಣಸು ಬಿಡಿಸುವುದೂ ಕೂತು ಮಾಡುವ ಕೆಲಸವೇ, ಭಾನುವಾರಗಳಿಗೆ ತೊಂದರೆಯಿಲ್ಲ. ಮಾವ ಮಾತ್ರ, ಗಂಜಿ ಸಾಕು, ಇನ್ನು ಮೇಲೆ ಮಸಾಲೆ ಅವಲಕ್ಕಿ ಇರಲಿ ಎಂದು ಅರ್ಜಿ ಹಾಕಿದ್ದಾರೆ. ಅರ್ಜಿ ಮಂಜೂರಾಗಿದೆ. ಅವಲಕ್ಕಿ ಕಲಸುವವರು, ಕಾಯಿ ತುರಿಯುವವರು ಅರ್ಜಿದಾರರೇ ಎಂದು ಮೊಮ್ಮಗಳು ಷರಾ ಬರೆದಿದ್ದಾಳೆ. ಅವರಿನ್ನೂ ಸಹಿ ಹಾಕಿಲ್ಲ.