ಟೈಲರಣ್ಣನ ಪುಸ್ತಕದಲ್ಲಿ ನಾನು

ಮೊನ್ನೆ ಶನಿವಾರ ರಾತ್ರಿ ಒಂಬತ್ತೂವರೆಗೆ, ನಮ್ಮ ಯಜಮಾನರು ಟೈಲರ್ ಅಂಗಡಿಯಿಂದ ತಂದ ಕವರ್ ಬಿಚ್ಚಿದೆ. ಒಳಗಿದ್ದದ್ದು ಗಿಳಿಹಸಿರು ಬ್ಲೌಸು. ಬೆನ್ನಲ್ಲಿ ತೆಂಗಿನಕಾಯಿ ತೂರುವಷ್ಟು ದೊಡ್ಡ ಕಿಂಡಿ, ಕಿಂಡಿಗೆ ಎರಡು ದಾರ, ದಾರದ ತುದಿಗೆ ದನದ ಕೊರಳ ಗಂಟೆಯಷ್ಟು ದಪ್ಪದ ಕುಚ್ಚು. ನಾನು ಹೊಲಿಯಲು ಕೊಟ್ಟಿದ್ದು ನೇರಳೆ ಬಣ್ಣದ ಮೈಸೂರು ಸಿಲ್ಕು. ಮೊಣಕೈವರೆಗೆ ತೋಳು, ಹಿಂದೆ ಮುಂದೆ ಎಲ್ಲ ಮುಚ್ಚಿರಬೇಕು ಅಂತ ಎರಡು ಸಲ ಹೇಳಿ ಬಂದಿದ್ದೆ. ಬೆಳಗಾದರೆ ಅಕ್ಕನ ಮೊಮ್ಮಗಳ ನಾಮಕರಣ.

"ನಾನು ಹೆಸರು ಸರಿಯಾಗೇ ಹೇಳ್ದೆ ಕಣೆ. ಮಂಜುಳಾ ಅವ್ರದ್ದು ಕೊಡಪ್ಪ ಅಂದೆ, ಕೊಟ್ಟ" ಅಂದರು ಇವರು.

ಅದೂ ನಿಜವೇ. ಅದು ಮಂಜುಳಾ ಅವರದ್ದೇ. ತಪ್ಪೇನಿದ್ದರೂ 1975ರಲ್ಲಿ ನನಗೆ ಹೆಸರಿಟ್ಟವರದ್ದು.

ಧರ್ಮಸ್ಥಳಕ್ಕೆ ಹರಕೆ ಹೊತ್ತುಕೊಂಡಿದ್ದ ಅಜ್ಜಿ, ಗಂಡಾದರೆ ಮಂಜುನಾಥ, ಹೆಣ್ಣಾದರೆ ಮಂಜುಳಾ ಅಂತ ಮೊದಲೇ ತೀರ್ಮಾನ ಮಾಡಿದ್ದರಂತೆ. ಅಪ್ಪನದು ಬೇರೆ ಭಕ್ತಿ. ಹಿಂದಿನ ವರ್ಷವಷ್ಟೇ 'ಸಂಪತ್ತಿಗೆ ಸವಾಲ್' ಬಂದಿತ್ತು. ರಾಜ್‌ಕುಮಾರ್‌ಗೇ ಎದುರು ನಿಂತು ಬಾಯಿ ಜೋರು ಮಾಡಿದ ಮಂಜುಳಾರನ್ನು ನೋಡಿ ಬಂದಿದ್ದರು. ಸಂಸ್ಕೃತ ಬಲ್ಲ ಪಕ್ಕದ ಮನೆಯವರು ಮಂಜುಳ ಅಂದರೆ ಮೃದು, ಮಧುರ ಅಂದರಂತೆ. ದೇವರು, ಸಿನಿಮಾ, ಸಂಸ್ಕೃತ ಮೂರೂ ಒಂದೇ ಹೆಸರಿಗೆ ಕೈ ಎತ್ತಿದರೆ ಮಗುವಿನ ಮಾತು ಯಾರು ಕೇಳುತ್ತಾರೆ? ಆ ನಟಿ 1986ರಲ್ಲಿ, ಇನ್ನೂ ಮೂವತ್ತೆರಡು ತುಂಬುವ ಮೊದಲೇ ಹೋಗಿಬಿಟ್ಟರು. ಅವತ್ತು ಅಪ್ಪ ಊಟಕ್ಕೆ ಕೂತವರು ನನ್ನನ್ನೇ ನೋಡುತ್ತ, ಅನ್ನ ಕಲಸುತ್ತ ಕೂತೇ ಇದ್ದರು.

ಕ್ಲಾಸಿನಲ್ಲಿ ಐದು ಜನ ಮಂಜುಳಾ. ಮೇಷ್ಟ್ರು ಹೆಸರಿನ ಗೊಡವೆಯೇ ಬೇಡ ಅಂತ ಇನಿಷಿಯಲ್ ಹಿಡಿದು ಕೂಗುತ್ತಿದ್ದರು. ನಾನು ಟಿ.ಕೆ. ಅದರಲ್ಲೂ ಇಬ್ಬರಿದ್ದೆವು, ಹಾಗಾಗಿ ನಾನು 'ಎರಡನೇ ಟಿ.ಕೆ.' ಮನೆಯಲ್ಲಿ ಮಂಜು ಅನ್ನುತ್ತಾರೆ. ಅದಂತೂ ಚಿಕ್ಕಮಗಳೂರಿನಲ್ಲಿ ಕೇಳಲೇಬೇಡಿ. ಮಳೆಗಾಲದಲ್ಲಿ ಇವರು "ಮಂಜು ಎಲ್ಲಿ?" ಅಂತ ಬಾಗಿಲಲ್ಲಿ ನಿಂತು ಕೂಗಿದರೆ, ದಾರಿ ಕೇಳಲು ಕಾರು ನಿಲ್ಲಿಸಿದ ಪ್ರವಾಸಿಗರು "ಮುಳ್ಳಯ್ಯನಗಿರಿ ಮೇಲಿದೆಯಂತೆ ಸಾರ್" ಅನ್ನುತ್ತಾರೆ.

ಭಾನುವಾರ ಅಂಗಡಿಗೆ ಬಾಗಿಲು. ಹಳೇ ಬ್ಲೌಸಿಗೆ ಎರಡು ಪಿನ್ನು ಚುಚ್ಚಿಕೊಂಡು ಹಿರೇಮಗಳೂರಿಗೆ ಹೋದೆ. ಮಘಾ ನಕ್ಷತ್ರ, 'ಮಾ' ಅಕ್ಷರ ಬಂದಿದೆ ಅಂತ ಅಕ್ಕನ ಮಗಳು ಮೊದಲೇ ಫೋನ್ ಮಾಡಿದ್ದಳು. ದೀರ್ಘ ತೆಗೆದರೆ ನನ್ನ ಹೆಸರೇ ಅಲ್ಲವೇ ಅಂತ ಒಂದು ಗಳಿಗೆ, ಒಂದೇ ಗಳಿಗೆ, ನನಗೂ ಆಸೆಯಾಗಿತ್ತು.

"ಮಾನ್ವಿ ಅಂತ ಇಟ್ಟಿದೀವಿ ಚಿಕ್ಕಮ್ಮ."

"ಅದು ರಾಯಚೂರು ಜಿಲ್ಲೆಯ ತಾಲ್ಲೂಕಲ್ವೇನೇ?"

"ಅಯ್ಯೋ, ಯೂನಿಕ್ ಆಗಿದೆ ಚಿಕ್ಕಮ್ಮ!"

ಯೂನಿಕ್ಕಂತೆ. ಅಷ್ಟು ಹೊತ್ತಿಗೆ ಯಾರೋ "ಸಾನ್ವೀ, ಓಡಬೇಡ" ಅಂತ ಕೂಗಿದರು. ಸಾನ್ವಿ, ತನ್ವಿ, ಜಾನ್ವಿ ಮೂವರೂ ಒಟ್ಟಿಗೇ ನಿಂತವು. ಮಕ್ಕಳ ಮೇಲೆ ಮೊದಲ ಬಾರಿಗೆ ನಿಜವಾದ ಅಕ್ಕರೆ ಉಕ್ಕಿತು. ಆದರೆ ಪಂಕ್ತಿಯಲ್ಲಿ ಯಾರೋ "ಮಂಜುಳಾ, ಇಲ್ಲಿ ಪಾಯಸ" ಅಂದಾಗ ತಿರುಗಿದ ನಾಲ್ಕೂ ತಲೆಗಳಿಗೆ ಡೈ ಬಿದ್ದಿತ್ತು. ಲಂಗ ಉಟ್ಟ ಒಂದು ಮಂಜುಳಾ ನೋಡಿ ಎಷ್ಟು ವರ್ಷವಾಯಿತೋ.

ಸಖರಾಯಪಟ್ಟಣದ ರುಕ್ಮಾಂಗದ ರಾಜ ದೊಡ್ಡ ಮಗಳಿಗೆ ಹಿರೇಮಗಳೂರನ್ನೂ ಚಿಕ್ಕ ಮಗಳಿಗೆ ನಮ್ಮೂರನ್ನೂ ಬಳುವಳಿ ಕೊಟ್ಟ ಅಂತ ಕಥೆ. ಅಪ್ಪನ ಹೆಸರು ಉಳಿದಿದೆ, ಊರುಗಳು ಉಳಿದಿವೆ. ಹುಡುಗಿಯರ ಹೆಸರು ಮಾತ್ರ ಅಜ್ಜಿ ಹೇಳುತ್ತಿದ್ದ ಕಥೆಯಲ್ಲೂ ಇರಲಿಲ್ಲ. ಆ ಕಾಲಕ್ಕೂ ಒಂದೇ ಹೆಸರು ಬೀದಿಗೆ ಐದು ಇದ್ದು, ರಾಜನೂ ಬೇಸತ್ತು 'ದೊಡ್ಡವಳು, ಚಿಕ್ಕವಳು' ಅಂತಲೇ ಕರೆದಿರಬೇಕು.

ಸೋಮವಾರ ಬೆಳಗ್ಗೆ ಅಂಗಡಿ ಬಾಗಿಲು ತೆರೆಯುವ ಮೊದಲೇ ಹೋಗಿ ನಿಂತೆ. ಟೈಲರಣ್ಣ ನಿಧಾನವಾಗಿ ಕನ್ನಡಕ ಹುಡುಕಿ, ನಿಧಾನವಾಗಿ ಪುಸ್ತಕ ಬಿಚ್ಚಿದ. ಅವನ ಪುಸ್ತಕ ಅವನು ಯಾರಿಗೂ ತೋರಿಸುವವನಲ್ಲ. ಒಂದು ಕೈ ಅಡ್ಡ ಇಟ್ಟುಕೊಂಡೇ, ಪರೀಕ್ಷೆಯಲ್ಲಿ ಬುದ್ಧಿವಂತ ಹುಡುಗ ಬರೆಯುವ ಹಾಗೆ ಬರೆಯುತ್ತಾನೆ. ಅವತ್ತು ನನ್ನ ಸಿಟ್ಟಿಗೆ ಹೆದರಿ ಕೈ ತೆಗೆದ. ಪುಟದ ತುಂಬ ಮಂಜುಳಾಗಳು, ಒಬ್ಬೊಬ್ಬರ ಪಕ್ಕ ಪಿನ್ನು ಹೊಡೆದ ಬಟ್ಟೆ ಚೂರು. ಮಂಜುಳಾ – ಬ್ಯಾಂಕು. ಮಂಜುಳಾ – ಎಡಭುಜ ಇಳಿಜಾರು. ಮಂಜುಳಾ – 200 ಬಾಕಿ. ಮಂಜುಳಾ – ಲೂಸು (ಬ್ಲೌಸೋ, ಅವರೋ, ಕೇಳಲಿಲ್ಲ). ಗಿಳಿಹಸಿರು ಚೂರಿನ ಪಕ್ಕ: ಮಂಜುಳಾ – ಪಾಪ.

ನೇರಳೆ ಚೂರು ಕೊನೆಯಲ್ಲಿತ್ತು. ಮಂಜುಳಾ – ಜಗಳ.

"ಏನಿದು?"

"ಗುರುತಿಗೆ ಅಕ್ಕ."

"ಇನಿಷಿಯಲ್ ಬರ್ಕೊಳಕ್ಕೆ ಏನಾಗಿತ್ತು ನಿಂಗೆ?"

"ಇನಿಷಿಯಲ್ ಮರ್ತೋಗತ್ತೆ ಅಕ್ಕ. ಗುಣ ಮರೆಯಲ್ಲ."

ಹದಿನೆಂಟು ವರ್ಷದಿಂದ ಇವನ ಹತ್ತಿರ ಹೊಲಿಸುತ್ತಿದ್ದೇನೆ. ಅಷ್ಟರಲ್ಲಿ ಜಗಳ ಅಂತ ಆಡಿದ್ದು ಏಳೋ ಎಂಟೋ ಸಲ, ಅದೂ ತೋಳು ಬಿಗಿ ಮಾಡಿದ್ದಕ್ಕೆ. ಅದನ್ನೇ ಬಿಡಿಸಿ ಹೇಳುತ್ತಿದ್ದೆ, ಅಷ್ಟರಲ್ಲಿ 'ಪಾಪ' ಬಂದರು. ಸಣ್ಣ ದನಿ, ತಗ್ಗಿಸಿದ ತಲೆ, ಕೈಯಲ್ಲಿ ನನ್ನ ಕವರ್. ನೇರಳೆ ಬ್ಲೌಸು ಮಡಚಿದ ರೀತಿಯಲ್ಲೇ ಏನೋ ಅನುಮಾನ ಬಂತು. ಬಿಚ್ಚಿದರೆ ಕಂಕುಳಲ್ಲಿ ಬೆವರಿನ ಗುರುತು, ತೋಳಿನ ಜರಿ ಅಂಚಿಗೆ ಅರಿಸಿನದ ಕಲೆ.

"ನಿನ್ನೆ ಮದುವೆಗೆ ಹಾಕ್ಕೊಂಡ್ಬಿಟ್ಟೆ ರೀ, ನನ್ನ ನೇರಳೆ ಸೀರೆಗೆ ಒಪ್ಪಿಬಿಡ್ತು" ಅಂದರು ಪಾಪ.

ಆಮೇಲೆ ನಾನು ಏನೇನು ಅಂದೆನೋ, ಪಕ್ಕದ ಬೇಕರಿಯವರು ಹೊರಗೆ ಬಂದು ನಿಂತಿದ್ದು ಮಾತ್ರ ನೆನಪಿದೆ. ಮಾತು ಮುಗಿಸಿ ಉಸಿರು ತೆಗೆದುಕೊಳ್ಳುವಾಗ ನೋಡಿದೆ: ಟೈಲರಣ್ಣ ಕಿವಿಯ ಮೇಲಿಂದ ಪೆನ್ಸಿಲ್ ತೆಗೆದು, ತುದಿಯನ್ನು ನಾಲಿಗೆಗೆ ತಾಗಿಸಿ, ನನ್ನ ಹೆಸರಿನ ಮುಂದಿದ್ದ ಆ ಪದಕ್ಕೆ ಅಡಿಗೆರೆ ಎಳೆಯುತ್ತಿದ್ದ.